ಮಾನಸಿಕ ಚಿಕಿತ್ಸೆಯಲ್ಲಿ ವ್ಯಕ್ತಿಯ ಸ್ಥಾನ



ಈ ದತ್ತಿ ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಂಚಾಲಕರು ನನಗೇ ಬಿಟ್ಟುಕೊಟ್ಟಿದ್ದಾರೆ. ಮನೋರೋಗಗಳ ನಿದಾನವನ್ನೂ ಔಷಧಗಳ ಗುಣದೋಷಗಳನ್ನೂ ವಿವರಿಸತಕ್ಕವರು ವೈದ್ಯರು. ಆ ಶಾಸ್ತ್ರದೊಳಕ್ಕೆ ಕಾಲಿಡುವ ಅಧಿಕಾರ ನನಗಿಲ್ಲ. ಆದರೆ ಆ ಶಾಸ್ತ್ರವು ಯಾರ ಹಿತಕ್ಕಾಗಿ ಇದೆಯೋ ಆತನನ್ನು ಕುರಿತು ಕೇಳಬಹುದಾದ ಒಂದು ಪ್ರಶ್ನೆಯುಂಟು. ಅದನ್ನು ಕೇಳಲು ವೈದ್ಯನಾಗಿರಬೇಕಿಲ್ಲ, ನಾಗರಿಕನಾಗಿದ್ದರೆ ಸಾಕು. ಮನಸ್ಸಿನ ಬೇನೆಗೆ ಸಿಕ್ಕಿದವನನ್ನು ಮೇಲೆತ್ತುವ ಕಾರ್ಯದಲ್ಲಿ ಆತನ ಸ್ವಂತ ಮಾತಿಗೆ, ಆತನ ಇಷ್ಟಾನಿಷ್ಟಗಳಿಗೆ, ತನ್ನ ಬಾಳು ಹೀಗಿರಬೇಕೆಂದು ಆತನು ಮಾಡಿಕೊಂಡಿರುವ ಕಲ್ಪನೆಗೆ ಯಾವ ಸ್ಥಾನವನ್ನು ಕೊಡತಕ್ಕದ್ದು? ಕುಟುಂಬವನ್ನು ಚಿಕಿತ್ಸೆಯೊಳಕ್ಕೆ ಕರೆತಂದ ಕೀರ್ತಿ ನಮ್ಮ ದೇಶದ ವೈದ್ಯರಿಗೆ ಸಲ್ಲುತ್ತದೆ. ಆದರೆ ಆ ಕುಟುಂಬದ ನಡುವೆ ಕುಳಿತಿರುವ ರೋಗಿಯನ್ನೇ ಮಾತಿಗೆ ಕರೆಯುವ ಕೆಲಸ ನಮ್ಮಲ್ಲಿ ಇನ್ನೂ ಆಗಬೇಕಾಗಿದೆ. ನಾನು ಈ ಸಂಜೆ ನಿಮ್ಮ ಮುಂದಿಡಬೇಕೆಂದಿರುವ ವಿಚಾರವು ಇಷ್ಟೇ.

೧

ಮನೋರೋಗಿಯನ್ನು ಮನುಷ್ಯನಂತೆ ಕಂಡರೆ ಅದೇ ಒಂದು ಚಿಕಿತ್ಸೆಯಾಗುತ್ತದೆ ಎಂಬ ತಿಳಿವು ಹೊಸದಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ಹುಚ್ಚಾಸ್ಪತ್ರೆಯಲ್ಲಿ ೧೭೯೦ರಲ್ಲಿ ಕ್ವೇಕರ್ ಪಂಥದ ಹೆಂಗಸೊಬ್ಬಳು ಮೃತಳಾದಳು. ಅವಳನ್ನು ನೋಡಬೇಕೆಂದು ಹೋದ ಸ್ವಧರ್ಮೀಯರಿಗೆ ಒಳಗೆ ಪ್ರವೇಶ ದೊರೆತಿರಲಿಲ್ಲ. ಇದರಿಂದ ನೊಂದ ವಿಲಿಯಂ ಟ್ಯೂಕ್ ಎಂಬ ಚಹದ ವರ್ತಕನು ತನ್ನ ಪಂಥದವರಿಂದ ಹಣ ಕೂಡಿಸಿ ೧೭೯೬ರಲ್ಲಿ ‘ರಿಟ್ರೀಟ್’ ಎಂಬ ಆಶ್ರಯಧಾಮವನ್ನು ತೆರೆದನು. ಅಲ್ಲಿ ಸಂಕೋಲೆಗಳಿರಲಿಲ್ಲ, ತೋಟವಿತ್ತು, ಸಾಕುಪ್ರಾಣಿಗಳಿದ್ದುವು, ಒಳ್ಳೆಯ ಉಡುಪು ಧರಿಸಿ ಚಹಕ್ಕೆ ಬರುವಂತೆ ರೋಗಿಗಳಿಗೆ ಔಪಚಾರಿಕವಾಗಿ ಆಹ್ವಾನ ಹೋಗುತ್ತಿತ್ತು. ಮರ್ಯಾದೆಗೆ ಪಾತ್ರನೆಂದು ಕಾಣಲ್ಪಟ್ಟವನು ಮರ್ಯಾದೆಯಿಂದ ನಡೆದುಕೊಳ್ಳಲು ಶಕ್ತನಾಗುತ್ತಾನೆ ಎಂಬ ಸರಳ ವಿಶ್ವಾಸವು ಆ ಧಾಮದ ತಳಹದಿಯಾಗಿತ್ತು. ಸುಮಾರು ಮೂವತ್ತು ಜನರಿಗಾಗಿ ರೂಪಿಸಿದ ಈ ವಿಧಾನವನ್ನು ಹತ್ತೊಂಬತ್ತನೆಯ ಶತಮಾನದ ಸರಕಾರಗಳು ನೂರಾರು, ಮುಂದೆ ಸಾವಿರಾರು ಜನರನ್ನು ಒಂದೇ ಸೂರಿನಡಿ ಕೂಡಿಹಾಕುವ ಕಟ್ಟಡಗಳಿಗೆ ವಿಸ್ತರಿಸಹೊರಟಾಗ, ತೋಟವೂ ಚಹವೂ ಹಿಂದುಳಿದು ಗೋಡೆ ಮತ್ತು ಬೀಗದ ಕೈ ಮಾತ್ರ ಉಳಿದುವು.

ಆ ಗೋಡೆಯೇ ಹಡಗನ್ನೇರಿ ಭಾರತಕ್ಕೂ ಬಂದಿತು. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯು ೧೯೨೫ರಲ್ಲಿ ‘ಮಾನಸಿಕ ಆಸ್ಪತ್ರೆ’ಯೆಂಬ ಹೆಸರನ್ನು ಪಡೆದು, ಮುಂದೆ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಬಂದಿತು; ಅದರ ನೆರೆಯಲ್ಲೇ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ೧೯೭೪ರಲ್ಲಿ ಇವೆರಡೂ ಕೂಡಿ ಇಂದು ನಾಡೆಲ್ಲ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾದುವು. ಸಂಸ್ಥೆಗಳು ಹೀಗೆ ಬೆಳೆಯುತ್ತಿದ್ದಾಗಲೂ ದೇಶದ ಶಾಸನ ಮಾತ್ರ ೧೯೧೨ರಲ್ಲಿ ರಚಿತವಾದುದೇ ಆಗಿದ್ದಿತು. ರೋಗಿಯನ್ನು ಸಮಾಜದಿಂದಲೂ ಆಸ್ತಿಪಾಸ್ತಿಯಿಂದಲೂ ದೂರವಿಡುವುದು ಹೇಗೆಂಬ ಚಿಂತೆ ಅದರಲ್ಲಿ ವಿಪುಲವಾಗಿತ್ತು. ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ಒಳಹೊಕ್ಕವನು ಹೊರಬಂದು ಮತ್ತೆ ಹೇಗೆ ಬಾಳಬೇಕೆಂಬ ಚಿಂತೆ ವಿರಳವಾಗಿತ್ತು. ೧೯೮೭ರ ಕಾಯಿದೆಯು ೧೯೯೩ರಲ್ಲಿ ಜಾರಿಗೆ ಬರುವ ಪರ್ಯಂತ ನಮ್ಮನ್ನು ಆಳಿದುದು ಆ ಹಳೆಯ ಶಾಸನವೇ.

೨

ಇಂಥ ಸನ್ನಿವೇಶದಲ್ಲಿ, ಬಡತನವೇ ಕಾರಣವಾಗಿ ಒಂದು ಮಹತ್ವದ ಶೋಧವು ನಮ್ಮ ದೇಶದಲ್ಲಿ ನಡೆಯಿತು. ಅಮೃತಸರದ ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾಗಿದ್ದ ಡಾ. ವಿದ್ಯಾಸಾಗರ್ ಅವರು ೧೯೫೦ರ ದಶಕದಲ್ಲಿ, ತುಂಬಿ ತುಳುಕುತ್ತಿದ್ದ ವಾರ್ಡುಗಳನ್ನೂ ಸಾಲದ ಸಿಬ್ಬಂದಿಯನ್ನೂ ಕಂಡು, ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನು ಅಲ್ಲಿಯೇ ಉಳಿಸಿಕೊಂಡರು. ತಾಯಿಯೋ ಅಣ್ಣನೋ ರೋಗಿಯೊಡನೆ ಇದ್ದು, ಊಟ ಬಡಿಸಿ, ಸ್ನಾನ ಮಾಡಿಸಿ, ವೈದ್ಯರು ಎಲ್ಲರನ್ನೂ ಕೂಡಿಸಿ ಆಡುತ್ತಿದ್ದ ಮಾತುಗಳನ್ನು ಕೇಳಿ, ಈ ಕಾಯಿಲೆ ದೆವ್ವವೂ ಅಲ್ಲ, ಶಾಪವೂ ಅಲ್ಲ ಎಂಬ ಅರಿವನ್ನು ಪಡೆದು, ಗುಣಮುಖನಾದವನನ್ನು ಕೈಹಿಡಿದು ಊರಿಗೆ ಕರೆದೊಯ್ಯುತ್ತಿದ್ದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ೧೯೫೭ರ ಆರಂಭದಿಂದಲೇ ಮನೆಯವರನ್ನು ರೋಗಿಯ ಜೊತೆಯಲ್ಲಿ ಇರಿಸಿಕೊಂಡಿತು. ಬೆಂಗಳೂರಿನ ಸಂಸ್ಥೆಯೂ ಈ ದಾರಿಯಲ್ಲಿ ನಡೆಯಿತು. ಪಾಶ್ಚಾತ್ಯ ದೇಶಗಳಲ್ಲಿ ಕುಟುಂಬವೇ ಮನೋರೋಗದ ಮೂಲವೆಂದು ಶಂಕಿಸುವ ಸಿದ್ಧಾಂತಗಳು ಮೆರೆಯುತ್ತಿದ್ದ ಕಾಲದಲ್ಲಿ ನಮ್ಮ ವೈದ್ಯರು ಕುಟುಂಬವನ್ನು ನೆರವೆಂದು ಕಂಡರೆಂಬುದು ಮರೆಯತಕ್ಕ ಸಂಗತಿಯಲ್ಲ.

ಮುಂದಿನ ಹೆಜ್ಜೆಯಾಗಿ ಚಿಕಿತ್ಸೆಯೇ ಹಳ್ಳಿಯ ಕಡೆಗೆ ಹೊರಟಿತು. ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ನಿಮ್ಹಾನ್ಸ್‌ನವರು ನಡೆಸಿದ ಗ್ರಾಮೀಣ ಪ್ರಯೋಗಗಳ ಅನುಭವವು, ೧೯೮೨ರಲ್ಲಿ ದೇಶವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿದ ತರುವಾಯ, ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ವಿಸ್ತಾರವಾಗಿ ಪರೀಕ್ಷಿತವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಧಾರಣ ವೈದ್ಯನೂ ಮನೆ ಮನೆಗೆ ಹೋಗುವ ಕಾರ್ಯಕರ್ತೆಯೂ ತಕ್ಕ ತರಬೇತು ಪಡೆದರೆ ಮನೋರೋಗವನ್ನು ಗುರುತಿಸಬಲ್ಲರು, ಮಾತ್ರೆ ಕೊಡಬಲ್ಲರು ಎಂಬುದನ್ನು ತೋರಿಸಿಕೊಟ್ಟ ‘ಬಳ್ಳಾರಿ ಮಾದರಿ’ಯೇ ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಕನ್ನಡ ನಾಡು ಇಡೀ ದೇಶಕ್ಕೆ ದಾರಿ ತೋರಿಸಿದ ಕೆಲವು ವಿಷಯಗಳಲ್ಲಿ ಇದೊಂದು.

೩

ಆದರೆ ಮಾತ್ರೆ ಮನೆಬಾಗಿಲಿಗೆ ಬಂದಿತೆಂದ ಮಾತ್ರಕ್ಕೆ ಮನುಷ್ಯನು ಚೇತರಿಸಿಕೊಂಡನೆಂದು ಹೇಳಬಹುದೆ? ಚೇತರಿಕೆಯನ್ನು ಅಳೆಯುವ ಕೋಲುಗಳು ಎರಡಿವೆ. ನಿದ್ರೆ ಬರುತ್ತಿದೆಯೆ, ಭ್ರಮೆಗಳು ತಗ್ಗಿದುವೆ, ಗಲಾಟೆ ನಿಂತಿತೆ ಎಂದು ಕೇಳುವುದು ವೈದ್ಯನ ಕೋಲು. ಬೆಳಗ್ಗೆ ಎದ್ದು ಹೋಗಲು ಕೆಲಸವೊಂದುಂಟೆ, ಕೈಯಲ್ಲಿ ತನ್ನದೆಂಬ ನಾಲ್ಕು ಕಾಸುಂಟೆ, ಮದುವೆಯ ಮನೆಗೆ ತನ್ನನ್ನೂ ಕರೆಯುತ್ತಾರೆಯೆ, ತನ್ನ ಮಾತಿಗೆ ಯಾರಾದರೂ ಬೆಲೆ ಕೊಡುತ್ತಾರೆಯೆ ಎಂದು ಕೇಳುವುದು ಬಳಲಿದವನ ಕೋಲು. ಮೊದಲನೆಯದರಲ್ಲಿ ಪೂರ್ಣಾಂಕ ಪಡೆದವನು ಎರಡನೆಯದರಲ್ಲಿ ಶೂನ್ಯನಾಗಿರಬಹುದು. ಅಂತೆಯೇ, ಕಿವಿಯಲ್ಲಿ ಆಗಾಗ ದನಿ ಕೇಳುತ್ತಲೇ ಇರುವವನು ಕೆಲಸ, ಸಂಸಾರ, ಗೆಳೆತನಗಳ ನಡುವೆ ತೃಪ್ತನಾಗಿರಬಹುದು.

ಇದು ಕೇವಲ ಭಾವುಕರ ಮಾತಲ್ಲವೆಂಬುದಕ್ಕೆ ಅಮೆರಿಕದ ವರ್ಮಾಂಟ್ ಸಂಸ್ಥಾನದಿಂದ ಬಲವಾದ ಸಾಕ್ಷ್ಯವುಂಟು. ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಆಗಿನ ಹೊಸ ಔಷಧದಿಂದಲೂ ಸಾಕಷ್ಟು ಸುಧಾರಿಸದೆ ಹಿಂದಿನ ವಾರ್ಡುಗಳಲ್ಲಿ ಉಳಿದುಹೋಗಿದ್ದ ೨೬೯ ಜನರನ್ನು ೧೯೫೦ರ ದಶಕದ ನಡುವಿನಲ್ಲಿ ಒಂದು ಪುನರ್ವಸತಿ ಕಾರ್ಯಕ್ರಮಕ್ಕೆ ತೆಗೆದುಕೊಂಡು, ವಸತಿ, ಉದ್ಯೋಗ, ಸಹವಾಸಗಳನ್ನು ಒದಗಿಸಿ ಊರೊಳಗೆ ನೆಲೆಗೊಳಿಸಲಾಯಿತು. ಸುಮಾರು ಮೂರು ದಶಕಗಳ ಅನಂತರ ಕೋರ್ಟನೇ ಹಾರ್ಡಿಂಗ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ ಇವರನ್ನು ಹುಡುಕಿ ವಿಚಾರಿಸಿ, ಅರ್ಧಕ್ಕೂ ಮೂರರಲ್ಲಿ ಎರಡು ಪಾಲಿಗೂ ನಡುವಿನಷ್ಟು ಜನ ಬಹಳ ಮಟ್ಟಿಗೆ ಸುಧಾರಿಸಿದ್ದಾರೆ ಅಥವಾ ಪೂರ್ಣವಾಗಿ ಚೇತರಿಸಿಕೊಂಡಿದ್ದಾರೆ ಎಂದು ೧೯೮೭ರಲ್ಲಿ ಪ್ರಕಟಿಸಿದರು. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗವೆಂದರೆ ದಿನದಿನಕ್ಕೆ ಕುಸಿಯುವ, ಹಿಂತಿರುಗಿ ಬಾರದ ದಾರಿಯೆಂದು ಪಾಠ ಹೇಳುತ್ತಿದ್ದ ಗ್ರಂಥಗಳಿಗೆ ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ ಬೇಕಾಗಿರಲಿಲ್ಲ.

ಇಂಥ ಅಧ್ಯಯನಗಳ ಜೊತೆಯಲ್ಲಿ, ಬೇನೆಯನ್ನುಂಡವರೇ ಮಾತನಾಡತೊಡಗಿದುದು ಈ ಕಾಲದ ವಿಶೇಷ. ಹದಿನೇಳನೆಯ ವಯಸ್ಸಿನಲ್ಲಿ ಸ್ಕಿಜೋಫ್ರೀನಿಯಾ ಇದೆಯೆಂದು ವೈದ್ಯರಿಂದ ಕೇಳಿದ ಪೆಟ್ರೀಷಿಯಾ ಡೀಗನ್ ಎಂಬ ಅಮೆರಿಕದ ಮಹಿಳೆ ಮುಂದೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ತಮ್ಮ ಅನುಭವದಿಂದಲೇ ಒಂದು ಸೂಕ್ಷ್ಮವನ್ನು ತೋರಿಸಿಕೊಟ್ಟರು: ಪ್ರತಿಯೊಬ್ಬನಿಗೂ ನುಂಗುವ ಮಾತ್ರೆಯಲ್ಲದೆ, ತಾನಾಗಿ ಮಾಡುವ ಕೆಲವು ಕಾರ್ಯಗಳೇ ಸ್ವಂತ ಔಷಧವಾಗಿರುತ್ತವೆ. ಒಬ್ಬನಿಗೆ ಅದು ಲೆಕ್ಕ ಬರೆಯುವುದು, ಒಬ್ಬಳಿಗೆ ಮಗುವನ್ನು ಸಾಕುವುದು, ಇನ್ನೊಬ್ಬನಿಗೆ ಭಜನೆಯಲ್ಲಿ ದನಿಗೂಡಿಸುವುದು. ವೈದ್ಯನು ಕೊಟ್ಟ ಮಾತ್ರೆ ಈ ಕಾರ್ಯಕ್ಕೇ ಅಡ್ಡಿಯಾಗುವಷ್ಟು ಮಂಕು ಕವಿಸಿದರೆ ರೋಗಿ ಅದನ್ನು ಎಸೆಯುತ್ತಾನೆ; ನಾವು ಅವನನ್ನು ಹಟಮಾರಿಯೆಂದು ಕರೆಯುತ್ತೇವೆ. ನೆದರ್ಲೆಂಡ್ಸಿನ ಮನೋವೈದ್ಯ ಮಾರಿಯಸ್ ರೋಮ್ ಎಂಬವರು ೧೯೮೦ರ ದಶಕದಲ್ಲಿ, ತಮ್ಮಲ್ಲಿ ಚಿಕಿತ್ಸೆಗೆ ಬರುತ್ತಿದ್ದ ಮಹಿಳೆಯೊಬ್ಬಳು ತನಗೆ ಕೇಳಿಸುವ ದನಿಗಳನ್ನು ಲಕ್ಷಣವೆಂದು ತಳ್ಳಿಬಿಡದೆ ಅವುಗಳ ಅರ್ಥವನ್ನು ವಿಚಾರಿಸಬೇಕೆಂದು ಪಟ್ಟುಹಿಡಿದುದರಿಂದ, ಆಕೆಯೊಡನೆ ದೂರದರ್ಶನದಲ್ಲಿ ಕಾಣಿಸಿಕೊಂಡು ಇಂಥ ಅನುಭವವುಳ್ಳವರನ್ನು ಆಹ್ವಾನಿಸಿದರು. ನೂರಾರು ಜನ ಉತ್ತರಿಸಿದರು. ಅವರಲ್ಲಿ ಅನೇಕರು ಆ ದನಿಗಳೊಡನೆ ಒಂದು ಬಗೆಯ ಒಪ್ಪಂದ ಮಾಡಿಕೊಂಡು ಬದುಕು ಸಾಗಿಸುತ್ತಿದ್ದರು. ದೇಶದೇಶಗಳಲ್ಲಿ ಇಂದು ದನಿ ಕೇಳುವವರ ಕೂಟಗಳಿರುವುದಕ್ಕೆ ಮೂಲವು, ರೋಗಿಯ ಮಾತನ್ನು ಒಬ್ಬ ವೈದ್ಯನು ತಳ್ಳಿಹಾಕದೆ ಕೇಳಿದನೆಂಬ ಸಂಗತಿ.

೪

ಈಗ ನಮ್ಮ ಚಿಕಿತ್ಸಾಲಯಗಳ ಕೊಠಡಿಗೆ ಬರೋಣ. ಮೇಜಿನ ಈಚೆಗೆ ಮೂವರು ಕುಳಿತಿರುತ್ತಾರೆ: ತಾಯಿ, ಅಣ್ಣ, ನಡುವೆ ರೋಗಿ. “ಹೇಗಿದ್ದಾನಮ್ಮ?” ಎಂದು ವೈದ್ಯರು ತಾಯಿಯನ್ನು ಕೇಳುತ್ತಾರೆ. “ಪರವಾಗಿಲ್ಲ ಸಾರ್, ಊಟ ಮಾಡ್ತಾನೆ, ನಿದ್ದೆ ಮಾಡ್ತಾನೆ, ಹೇಳಿದ ಮಾತು ಕೇಳ್ತಾನೆ” ಎಂದು ಆಕೆ ಉತ್ತರಿಸುತ್ತಾಳೆ. ಚೀಟಿ ಬರೆದಾಗುತ್ತದೆ, ಮುಂದಿನ ತಾರೀಖು ಗೊತ್ತಾಗುತ್ತದೆ. ಮೂವತ್ತು ವರ್ಷ ವಯಸ್ಸಿನ ಗಂಡಸೊಬ್ಬನ ಯೋಗಕ್ಷೇಮದ ವಿಚಾರ, ಆತನ ಬಾಯಿಂದ ಒಂದು ಪದವೂ ಹೊರಡದೆ, ಆತನ ಎದುರಿನಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಯಾರೂ ಕ್ರೂರಿಗಳಲ್ಲ. ತಾಯಿ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದವಳು. ಅಣ್ಣ ದಿನದ ಕೂಲಿಯನ್ನು ಬಿಟ್ಟು ಬಸ್ಸು ಹತ್ತಿದವನು. ವೈದ್ಯರ ಕೊಠಡಿಯ ಹೊರಗೆ ಸರದಿ ಬೀದಿಯವರೆಗೆ ಬೆಳೆದಿದೆ. ಆದರೆ ಮನೆಯೊಡೆಯನನ್ನು ಬೀದಿಯಲ್ಲಿ ನಿಲ್ಲಿಸಿ, ಬಾಗಿಲು ಯಾವ ಕಡೆಗೆ ಇರಬೇಕೆಂದು ನೆರೆಯವರನ್ನು ಕೇಳಿ ಮನೆಯನ್ನು ದುರಸ್ತಿಮಾಡುವಂಥ ವ್ಯವಹಾರ ಇದೆಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಇದೇ ರೀತಿ ಮನೆಯೊಳಗೂ ಮುಂದುವರಿಯುತ್ತದೆ. ಒಲ್ಲೆನೆಂದವನ ಸಾರಿನಲ್ಲೋ ಕಾಫಿಯಲ್ಲೋ ತಿಳಿಯದಂತೆ ಮಾತ್ರೆ ಬೆರೆಸುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಒಂದು ದಿನ ಅದು ಬಯಲಾದಾಗ ಅನುಮಾನವೇ ಕಾಯಿಲೆಯಾಗಿದ್ದವನಿಗೆ ತನ್ನ ಅನುಮಾನ ನಿಜವೆಂಬ ಪ್ರಮಾಣ ಸಿಕ್ಕಿದಂತಾಗಿ, ಅನ್ನದ ಮೇಲೂ ಬಡಿಸಿದ ಕೈಯ ಮೇಲೂ ವಿಶ್ವಾಸ ಹೋಗುತ್ತದೆ. ಬೇನೆಯ ಅಣ್ಣನ ಪಾಸ್‌ಬುಕ್ ತಮ್ಮನ ಪೆಟ್ಟಿಗೆಯಲ್ಲಿರುತ್ತದೆ. ಪಾಲುಪತ್ರದ ಮೇಲೆ ಹೆಬ್ಬೆಟ್ಟು ಬೇಕಾದಾಗ ಮಾತ್ರ ಅಣ್ಣ ನೆನಪಾಗುತ್ತಾನೆ. ಹೆಣ್ಣಿನ ಗತಿ ಇನ್ನೂ ಕಠಿನ. ಮದುವೆಯಾದ ಮೇಲೆ ಕಾಯಿಲೆ ಕಾಣಿಸಿತೆಂದರೆ ಅವಳನ್ನು ತವರಿಗೆ ತಂದುಬಿಡುತ್ತಾರೆ. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಮನೋವಿಕಲತೆಯು ವಿಚ್ಛೇದನಕ್ಕೆ ಒಂದು ಕಾರಣವಾಗಿ ನಿಂತಿದೆ. ತವರಿನಲ್ಲಿ ತಂದೆತಾಯಿಗಳು ಕಾಲವಾದ ಬಳಿಕ ಅವಳು ಯಾರ ಹೊರೆಯೆಂಬ ಚರ್ಚೆ ಅವಳು ಇರುವಾಗಲೇ ನಡೆಯುತ್ತದೆ.

ಕುಟುಂಬದ ಪ್ರೀತಿಯೊಂದನ್ನೇ ನಂಬಿ ಉಳಿದುದನ್ನೆಲ್ಲ ಅದಕ್ಕೆ ವಹಿಸಿಬಿಟ್ಟರೆ ಪ್ರೀತಿ ದಣಿದಾಗ ಏನಾಗುತ್ತದೆಂಬುದನ್ನು ತಮಿಳುನಾಡಿನ ಎರವಾಡಿ ನಮಗೆ ತೋರಿಸಿದೆ. ಅಲ್ಲಿಯ ದರ್ಗಾದ ಮಹಿಮೆಯನ್ನು ನಂಬಿ ಬಂಧುಗಳು ಬಿಟ್ಟುಹೋಗಿದ್ದ ರೋಗಿಗಳನ್ನು ಖಾಸಗಿಯವರು ಗುಡಿಸಲುಗಳಲ್ಲಿ ಸರಪಣಿಯಿಂದ ಬಿಗಿದಿಟ್ಟಿದ್ದರು. ೨೦೦೧ರ ಆಗಸ್ಟ್ ೬ರ ಮುಂಜಾನೆ ಬೆಂಕಿ ಬಿದ್ದಾಗ ಓಡಲಾರದೆ ೨೮ ಮಂದಿ ಬೆಂದುಹೋದರು. ಬಿಟ್ಟುಹೋದವರೆಲ್ಲ ನಿರ್ದಯರಾಗಿದ್ದರೆಂದು ಹೇಳಲಾಗದು. ಅನೇಕರು ಗುಣವಾದೀತೆಂಬ ಆಸೆಯಿಂದಲೇ ಬಿಟ್ಟಿದ್ದರು. ಎಲ್ಲಿರಬೇಕೆಂದು ಯಾರಾದರೂ ಆ ಸರಪಣಿಯವರನ್ನು ಕೇಳಿದ್ದರೆ ಅವರು ಏನೆನ್ನುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

೫

ಕೇಳುವ ಪದ್ಧತಿಯನ್ನೇ ಆಡಳಿತವನ್ನಾಗಿ ಮಾಡಿದ ಊರೊಂದನ್ನು ಇಲ್ಲಿ ನೆನೆಯಬೇಕು. ಇಟಲಿಯ ಟ್ರಿಯೆಸ್ಟೆ ನಗರದ ಮಾನಸಿಕ ಆಸ್ಪತ್ರೆಗೆ ೧೯೭೧ರಲ್ಲಿ ಫ್ರಾಂಕೊ ಬಸಾಲಿಯಾ ಎಂಬ ವೈದ್ಯರು ನಿರ್ದೇಶಕರಾಗಿ ಬಂದಾಗ ಅಲ್ಲಿ ಸುಮಾರು ೧೨೦೦ ಜನ ರೋಗಿಗಳಿದ್ದರು. ಅವರು ವಾರ್ಡುಗಳ ಬಾಗಿಲು ತೆರೆಸಿದರು. ರೋಗಿಗಳೂ ದಾದಿಯರೂ ವೈದ್ಯರೂ ಸಮಾನವಾಗಿ ಕುಳಿತು ಮಾತನಾಡುವ ಸಭೆಗಳನ್ನು ನಡೆಸಿದರು. ಚಿಕಿತ್ಸೆಯ ಹೆಸರಿನಲ್ಲಿ ರೋಗಿಗಳಿಂದ ಬಿಟ್ಟಿ ದುಡಿಸಿಕೊಳ್ಳುತ್ತಿದ್ದ ಗುಡಿಸುವ, ಒಗೆಯುವ ಕೆಲಸಗಳನ್ನೇ ಅವರ ಸಹಕಾರಿ ಸಂಘಕ್ಕೆ ಒಪ್ಪಿಸಿ ನ್ಯಾಯವಾದ ಸಂಬಳವನ್ನು ಕೊಡಿಸಿದರು. ಸಂಬಳ ಪಡೆದವನು ಕಾರ್ಮಿಕನಾದನು, ಕಾರ್ಮಿಕನಾದವನು ನಾಗರಿಕನಾದನು. ೧೯೭೮ರ ಮೇ ತಿಂಗಳಿನಲ್ಲಿ ಇಟಲಿಯ ಸಂಸತ್ತು ೧೮೦ನೆಯ ಸಂಖ್ಯೆಯ ಶಾಸನದಿಂದ ಹೊಸ ಹುಚ್ಚಾಸ್ಪತ್ರೆಗಳ ನಿರ್ಮಾಣವನ್ನೇ ನಿಷೇಧಿಸಿತು. ಟ್ರಿಯೆಸ್ಟೆಯಲ್ಲಿ ಹಗಲಿರುಳೂ ತೆರೆದಿರುವ, ಕೆಲವೇ ಹಾಸಿಗೆಗಳುಳ್ಳ ಬಡಾವಣೆಯ ಕೇಂದ್ರಗಳು ಆ ದೊಡ್ಡ ಆಸ್ಪತ್ರೆಯ ಸ್ಥಾನದಲ್ಲಿ ನಿಂತುವು.

ನಮ್ಮಲ್ಲಿ ಇದಕ್ಕೆ ಸಮಾನವಾದ ಚಳವಳಿ ನಡೆಯದಿದ್ದರೂ, ವಿಕಲಾಂಗರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ೨೦೦೭ರಲ್ಲಿ ಭಾರತವು ಒಪ್ಪಿಗೆಯಿತ್ತುದರ ಫಲವಾಗಿ, ಉತ್ತಮವಾದ ಶಾಸನವೊಂದು ಲಭಿಸಿದೆ. ೨೦೧೭ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಮನೋರೋಗವುಳ್ಳ ವ್ಯಕ್ತಿಯೂ ತನ್ನ ಚಿಕಿತ್ಸೆಯ ವಿಷಯವನ್ನು ಗ್ರಹಿಸಿ, ಅದರ ಪರಿಣಾಮವನ್ನು ತಿಳಿದು, ತನ್ನ ತೀರ್ಮಾನವನ್ನು ಮಾತಿನಿಂದಲೋ ಸಂಜ್ಞೆಯಿಂದಲೋ ತಿಳಿಸಬಲ್ಲವನಾದರೆ ನಿರ್ಧರಿಸಲು ಸಮರ್ಥನೆಂದೇ ಭಾವಿಸತಕ್ಕದ್ದೆಂದು ವಿಧಿಸುತ್ತದೆ. ಸ್ವಸ್ಥವಾಗಿರುವಾಗಲೇ, ಮುಂದೆ ಬೇನೆ ಮರುಕಳಿಸಿದರೆ ತನಗೆ ಎಂಥ ಆರೈಕೆ ಬೇಕು, ಎಂಥದು ಬೇಡ ಎಂಬುದನ್ನು ಬರೆದಿಡುವ ಮುಂಗಡ ನಿರ್ದೇಶನದ ಹಕ್ಕನ್ನು ಅದು ಪ್ರಾಪ್ತವಯಸ್ಕರೆಲ್ಲರಿಗೂ ಕೊಟ್ಟಿದೆ. ತನ್ನ ಪರವಾಗಿ ನಿಲ್ಲಬೇಕಾದವರನ್ನು ಬಂಧುಗಳಲ್ಲಿಯೇ ಹುಡುಕಬೇಕಿಲ್ಲ, ನೆಚ್ಚಿನ ಗೆಳತಿಯನ್ನೂ ಪ್ರತಿನಿಧಿಯಾಗಿ ಹೆಸರಿಸಬಹುದು. ಸರಪಣಿ ಬಿಗಿಯುವುದು ಯಾವ ರೂಪದಲ್ಲಿಯೂ ಕೂಡದು. ಮನೆಯವರು ಕರೆದುಕೊಂಡು ಹೋಗಲಿಲ್ಲವೆಂಬ ಒಂದೇ ಕಾರಣದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳತಕ್ಕದ್ದಲ್ಲ. ಬಲಾತ್ಕಾರದಿಂದ ತಲೆ ಬೋಳಿಸಬಾರದು; ತನ್ನ ಸ್ವಂತ ಬಟ್ಟೆ ತೊಡುವೆನೆಂಬವನಿಗೆ ಸಮವಸ್ತ್ರ ಹೊದಿಸಬಾರದು. ಈ ಕಡೆಯ ಎರಡು ವಿಧಿಗಳು ಸಣ್ಣವೆಂದು ತೋರಬಹುದು. ಆದರೆ ಕೂದಲನ್ನೂ ಸೀರೆಯನ್ನೂ ಕಳೆದುಕೊಂಡ ಹೆಂಗಸಿಗೆ ಕನ್ನಡಿಯಲ್ಲಿ ತಾನೇ ಅಪರಿಚಿತಳಾಗುವುದು ಯಾವ ಬೇನೆಗೂ ಕಡಮೆಯದಲ್ಲ.

೬

ಈ ವಿಚಾರಕ್ಕೆ ಆಕ್ಷೇಪಗಳುಂಟು. ಅವು ಉದಾಸೀನ ಮಾಡತಕ್ಕವಲ್ಲ. ತನಗೆ ಕಾಯಿಲೆಯೇ ಇಲ್ಲವೆನ್ನುವವನ ಮಾತನ್ನು ಕೇಳುವುದು ಹೇಗೆಂಬುದು ಮೊದಲನೆಯದು. ವಿವೇಕವು ಮಂಕಾಗುವ ಘಳಿಗೆಗಳು ಈ ಬೇನೆಯಲ್ಲಿ ನಿಜವಾಗಿಯೂ ಬರುತ್ತವೆ, ತುರ್ತಿನಲ್ಲಿ ತಡೆಯಬೇಕಾಗುತ್ತದೆ, ಅದಕ್ಕೆ ಕಾಯಿದೆಯೂ ಎಡೆಮಾಡಿಕೊಟ್ಟು, ತುರ್ತು ಚಿಕಿತ್ಸೆಗೆ ೭೨ ಗಂಟೆಗಳ ಎಲ್ಲೆಯನ್ನು ಹಾಕಿದೆ. ಆದರೆ ಗ್ರಹಣವು ಗಂಟೆಗಳಲ್ಲಿ ಬಿಡುವಂತೆ ಆ ಮಂಕೂ ಬಿಡುತ್ತದೆ. ಬಿಟ್ಟ ಮೇಲೆಯೂ ಜೀವಮಾನವೆಲ್ಲ ಆತನನ್ನು ಅವಿವೇಕಿಯೆಂದು ನಡೆಸಿಕೊಳ್ಳುವುದಕ್ಕೆ ಯಾವ ಆಧಾರವೂ ಇಲ್ಲ. ಎಚ್ಚರದಲ್ಲಿರುವ ವ್ಯಕ್ತಿ ಮಂಕು ಕವಿಯುವ ತನಗೇ ಬುದ್ಧಿಹೇಳಿಕೊಳ್ಳುವ ಉಪಾಯವೇ ಮುಂಗಡ ನಿರ್ದೇಶನ.

ಎರಡನೆಯದು, ಇದು ಪರದೇಶದ ವ್ಯಕ್ತಿವಾದ, ಕೂಡಿ ಬಾಳುವ ನಮಗೆ ಹೊಂದದು ಎಂಬ ಆಕ್ಷೇಪ. ಶಿವರಾಮ ಕಾರಂತರು ಹುಟ್ಟಿದ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ರವಿ ಕಪೂರ್ ಎಂಬ ಇಬ್ಬರು ಮನೋವೈದ್ಯರು ನಡೆಸಿ ೧೯೭೬ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ನೆನಪಿಗೆ ಬರುತ್ತದೆ. ವೈದ್ಯ, ಮಂತ್ರವಾದಿ, ಪಾತ್ರಿ, ಇಂಗ್ಲಿಷ್ ಡಾಕ್ಟರು ಎಲ್ಲರ ಬಳಿಗೂ ಆ ಊರಿನವರು ಹೋಗುತ್ತಿದ್ದರು. ಒಂದು ಇನ್ನೊಂದಕ್ಕೆ ವಿರೋಧವೆಂದು ಅವರಿಗೆ ತೋರಿರಲಿಲ್ಲ. ತನ್ನ ಸಂಕಟಕ್ಕೆ ಅರ್ಥವೇನು, ಪರಿಹಾರವೆಲ್ಲಿ ಎಂದು ಆರಿಸಿಕೊಳ್ಳುವ ವ್ಯವಹಾರ ನಮ್ಮ ಹಳ್ಳಿಗೆ ಅಪರಿಚಿತವಲ್ಲವೆಂದಾಯಿತು. ವ್ಯಕ್ತಿಗೆ ಸ್ಥಾನ ಕೊಡುವುದೆಂದರೆ ಅವನನ್ನು ಮನೆಯಿಂದ ಬೇರ್ಪಡಿಸುವುದಲ್ಲ. ಮಗನಾಗಿ, ಅಣ್ಣನಾಗಿ, ಹೆಂಡತಿಯಾಗಿ ಮಾತನಾಡುವ ಹಕ್ಕನ್ನು ಆ ಮನೆಯೊಳಗೇ ಹಿಂದಿರುಗಿಸುವುದು. ದಣಿದ ತಾಯಿಗೂ ಅದರಿಂದ ಲಾಭವೇ: ಎಲ್ಲವನ್ನೂ ತಾನೊಬ್ಬಳೇ ನಿರ್ಧರಿಸಬೇಕೆಂಬ ಭಾರ ಇಳಿಯುತ್ತದೆ.

ಮೂರನೆಯದು ಕೊರತೆಯ ಆಕ್ಷೇಪ. ನಿಮ್ಹಾನ್ಸ್ ೨೦೧೫–೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ಚಿಕಿತ್ಸೆ ಬೇಕಾದವರಲ್ಲಿ ಬಹುಪಾಲು ಜನರಿಗೆ ಅದು ದೊರೆಯುತ್ತಿಲ್ಲವೆಂದು ತೋರಿಸಿದೆ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಇಲ್ಲ. ಮಾತ್ರೆಯೇ ಸಿಗದ ಕಡೆ ಮಾತು ಕೇಳುವುದಕ್ಕೆ ವೇಳೆಯೆಲ್ಲಿ ಎನ್ನುತ್ತಾರೆ. ಆದರೆ ಚೇತರಿಕೆಗೆ ಬೇಕಾದ ವಸ್ತುಗಳಲ್ಲಿ ಹೆಚ್ಚಿನವು ವೈದ್ಯನ ಕೈಯಲ್ಲಿ ಇಲ್ಲವೇ ಇಲ್ಲ. ಕೆಲಸವಿರುವುದು ಅಂಗಡಿಯವನ, ಕಾರ್ಖಾನೆಯವನ, ಸರಕಾರದ ಕೈಯಲ್ಲಿ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಮನೋರೋಗವುಳ್ಳವರಿಗೂ ಸರಕಾರಿ ಹುದ್ದೆಗಳ ಮೀಸಲಾತಿಯಲ್ಲಿ ಪಾಲುಂಟು. ಬಾಡಿಗೆಗೆ ಕೋಣೆಯಿರುವುದು ನಮ್ಮ ನಿಮ್ಮ ಕೈಯಲ್ಲಿ. ಸಹವಾಸವಿರುವುದು ಸಂಘಗಳ, ದೇವಸ್ಥಾನಗಳ, ನೆರೆಹೊರೆಯವರ ಕೈಯಲ್ಲಿ. ಬೇನೆಯನ್ನು ದಾಟಿಬಂದವರೇ ದಾಟುತ್ತಿರುವವರಿಗೆ ಒದಗಿಸಬಹುದಾದ ಧೈರ್ಯವಂತೂ ಯಾವ ಪದವೀಧರನ ಕೈಯಲ್ಲಿಯೂ ಇಲ್ಲ; ಅಂಥವರಿಗೆ ತರಬೇತಿಯನ್ನೂ ಸಂಬಳವನ್ನೂ ಕೊಟ್ಟು ಆಸ್ಪತ್ರೆಗಳಲ್ಲಿ ನೇಮಿಸಿಕೊಂಡರೆ ಕೊರತೆಯ ಒಂದು ಭಾಗ ತಾನಾಗಿ ತುಂಬುತ್ತದೆ.

ಆದಕಾರಣ ನನ್ನ ವಿಜ್ಞಾಪನೆ ದೊಡ್ಡದಲ್ಲ. ಮನೋವೈದ್ಯರು ಬರುವ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮುಂಗಡ ನಿರ್ದೇಶನವೆಂದರೇನೆಂಬುದನ್ನು ತಿಳಿಗನ್ನಡದಲ್ಲಿ ವಿವರಿಸುವ ಹಾಳೆಯಿರಲಿ; ಅದನ್ನು ಬರೆಯಲು ನೆರವಾಗುವ ಒಬ್ಬರಿರಲಿ. ರೋಗಿಯೊಡನೆ ಪ್ರತ್ಯೇಕವಾಗಿ ಮಾತನಾಡಲು ಸರದಿಯ ನಡುವೆಯೂ ಕೆಲವು ನಿಮಿಷಗಳು ಮೀಸಲಾಗಿರಲಿ. ಆತನಿಗೆ ಮೊದಲು ಕೇಳುವ ಪ್ರಶ್ನೆ ಮಾತ್ರೆಯನ್ನು ಕುರಿತದ್ದಲ್ಲದೆ, ಮುಂದಿನ ತಿಂಗಳಲ್ಲಿ ಏನು ಮಾಡಬೇಕೆಂದಿದ್ದೀರಿ ಎಂಬುದಾಗಿರಲಿ. ಉತ್ತರವನ್ನು ಆತನ ಮಾತಿನಲ್ಲೇ ಚೀಟಿಯ ಮೇಲೆ ಬರೆದುಕೊಂಡು, ಅದಕ್ಕೆ ಅನುಕೂಲವಾಗುವಂತೆ ಔಷಧವನ್ನು ಹೊಂದಿಸಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಕಾಯಿದೆಯೂ ಬೇಕಿಲ್ಲ. ಈ ದತ್ತಿಯನ್ನು ಇಟ್ಟವರು ಊರಿನ ಹಿತವನ್ನು ಬಯಸಿ ಇಟ್ಟವರು. ಊರಿನಲ್ಲಿ ಈ ಬೇನೆಯಿಂದ ಬಳಲುವವರೂ ಸೇರಿದ್ದಾರೆಂದು ಭಾವಿಸಿ, ಮುಂದಿನ ವರ್ಷಗಳ ಉಪನ್ಯಾಸಗಳಲ್ಲಿ ಒಂದನ್ನಾದರೂ ಆ ಅನುಭವವುಳ್ಳವರಿಂದಲೇ ಮಾಡಿಸಬೇಕೆಂದು ಸಂಚಾಲಕರನ್ನು ಪ್ರಾರ್ಥಿಸುತ್ತೇನೆ.